ಮೊದಲ ಸಾಲಿನ ಕೊಡೆ

ಕೊಡೆಯ ಮೊದಲ ಏಟು ಎಡಭುಜಕ್ಕೆ ಬಿತ್ತು. ಎರಡನೆಯದೂ ಅಲ್ಲಿಗೇ.

"ಏಯ್ ಕರಿಚೇಳು! ನಿಮ್ಮಮ್ಮ ನಿನಗೆ ಹಾಲು ಕುಡಿಸಿದ್ಲೋ, ಮೆಣಸಿನಕಾಯಿ ರಸ ಕುಡಿಸಿದ್ಲೋ?"

ಅತ್ಲಿಸ್ಕೊ ಪಟ್ಟಣದ ಪುಟ್ಟ ಅಖಾಡ ಹೋ ಎಂದಿತು. ಭಾನುವಾರ ಮಧ್ಯಾಹ್ನ ಮೊದಲ ಸಾಲಿನ ಮುದುಕಿ ದೋನ್ಯಾ ಹಸಿಂತಾ ಕೊಡೆ ಎತ್ತದಿದ್ದರೆ ಜನಕ್ಕೆ ಕುಸ್ತಿ ನೋಡಿದಂತೆಯೇ ಅಲ್ಲ. ಕಣದಂಚಿನ ಹಗ್ಗಕ್ಕೆ ಒರಗಿದ್ದ ಕುಸ್ತಿಪಟು ಕರಿಚೇಳು ಮುಖವಾಡದೊಳಗೇ ಹಲ್ಲು ಕಚ್ಚಿದ. ತಿರುಗಿ ಬೈಯಲು ನಾಲಿಗೆ ತುರಿಸುತ್ತಿತ್ತು. ಆದರೆ ಬಾಯಿ ಬಿಟ್ಟರೆ ದನಿಯ ಗುರುತು ಸಿಕ್ಕಿಬಿಡುತ್ತದೆ. ಮುದುಕಿ ಅವನ ಸ್ವಂತ ಅತ್ತೆ.

ಇಪ್ಪತ್ತೆರಡು ವರ್ಷದಿಂದ ತಿಬುರ್ಸಿಯೊ ಓಲ್ಮೋಸ್ ಈ ಕಪ್ಪು ಮುಖವಾಡದ ಖಳನಾಯಕ. ಹೊಸದಾಗಿ ಬಂದ ಹುಡುಗರಿಗೆಲ್ಲ ಸೋತು ಅವರನ್ನು ದೊಡ್ಡವರನ್ನಾಗಿ ಮಾಡುವುದೇ ಅವನ ಕಸುಬು. ಚೆನ್ನಾಗಿ ಬೀಳುತ್ತಿದ್ದ, ಚೆನ್ನಾಗಿ ನರಳುತ್ತಿದ್ದ. ಹೆಂಡತಿ ಒಫೇಲಿಯಾಗೆ ಮಾತ್ರ ಗುಟ್ಟು ಗೊತ್ತು. ಅತ್ತೆಯ ಲೆಕ್ಕದಲ್ಲಿ ಅಳಿಯ ಭಾನುವಾರ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ಮೂರು ವರ್ಷದ ಹಿಂದೆ ಬಲಭುಜ ಜಾರಿದಾಗಲೂ ಆಲೂಗಡ್ಡೆ ಮೂಟೆಯ ಮೇಲೇ ತಪ್ಪು ಹೊರಿಸಿದ್ದ.

ಹೇಳದೆ ಉಳಿದದ್ದಕ್ಕೆ ಕಾರಣವಿತ್ತು. ಹೆಣ್ಣು ಕೇಳಲು ಹೋದ ದಿನವೇ ದೋನ್ಯಾ ಹಸಿಂತಾ ಸಾರಿದ್ದಳು: "ಅಖಾಡದೋರು ನೋಡೋಕೆ ಚೆಂದ, ಮನೆಗಲ್ಲ. ಅಂಥೋನಿಗೆ ಮಗಳನ್ನ ಕೊಡೋ ಬದಲು ಬಾವಿಗೆ ನೂಕ್ತೀನಿ!" ವಾರದೊಳಗೆ ಅದೇನು ಮನಸ್ಸು ಬಂತೋ, ಮೂಟೆ ಹೊರುವವನೆಂದು ಹೇಳಿಕೊಂಡ ಇವನಿಗೆ ಒಪ್ಪಿಬಿಟ್ಟಳು. ಮದುವೆಗೊಂದು ಟೋಪಿಯನ್ನೂ ಕೊಟ್ಟಳು. ಅಂಗಡಿಯ ಟೋಪಿ ಯಾವುದೂ ಹಿಡಿಸದ ತಲೆ ತಿಬುರ್ಸಿಯೊನದು. ಇದು ಮಾತ್ರ ಅಳತೆ ತೆಗೆದಂತೆ ಕೂತಿತು.

ಅವತ್ತು ಕುಸ್ತಿ ಮುಗಿದ ಮೇಲೆ ಅಖಾಡದ ಯಜಮಾನ ಡಾನ್ ಕ್ರಿಸ್ಪಿನ್ ಅವನನ್ನು ಕರೆದ.

"ಮುಂದಿನ ವಾರ ಮುಖವಾಡಕ್ಕೆ ಮುಖವಾಡ ಪಣ. ಸೋತೋನು ಎಲ್ರ ಮುಂದೆ ಬಿಚ್ಚಿ, ಹೆಸರು ಊರು ಹೇಳ್ಬೇಕು. ಹೊಸ ಹುಡುಗ ನೀಲಿಮಿಂಚು ಗೆಲ್ತಾನೆ."

ತಿಬುರ್ಸಿಯೊ ಕೈ ಮುಗಿದ. "ಬೇರೆ ಯಾವ್ದಾದ್ರೂ ಊರಲ್ಲಿ ಸೋಲ್ತೀನಿ ಯಜಮಾನ್ರೇ. ಇಲ್ಲಿ ಬೇಡ."

"ಹುಚ್ಚಾ! ಆ ಮುದುಕಿ ಇಲ್ದೆ ನೀನು ಯಾರಯ್ಯ? ಎರಡು ಸಲ ನಿನ್ನ ಕೈಬಿಡೋಣ ಅಂತಿದ್ದೆ. ಪೋಸ್ಟರಲ್ಲಿ ನಿನ್ನ ಹೆಸರಿಲ್ಲ ಅಂತ ಎರಡು ಸಲಾನೂ ಬಾಗಿಲಿಗೆ ಅಡ್ಡ ಕೂತ್ಲು. 'ಬೈಯೋಕೆ ಕರಿಚೇಳು ಇಲ್ದಿದ್ರೆ ಟಿಕೆಟ್ ಯಾಕೆ?' ಅಂತ. ಹಿಂದೆ ನಿಂತಿದ್ದ ಸಾಲೂ ಹೂಂ ಅಂತು."

ಸಂಜೆ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ ಅತ್ತೆ ಊಟಕ್ಕೆ ಕರೆದಳು. ಮಾರುಕಟ್ಟೆಯ ಅಂಗಡಿಗಳಿಗೆ ಹೊಲಿದುಕೊಡುವುದು ಅವಳ ಕೆಲಸ. ಬಿಸಿ ಕೋಳಿಸಾರು, ಕಾಲು ಎಂದಿನಂತೆ ಅಳಿಯನ ಬಟ್ಟಲಿಗೇ ಬಿತ್ತು.

"ಇವತ್ತೂ ಮೂಟೆ ಬಿತ್ತೇನೋ ಮಗನೇ?"

"ಹೂಂ ಅತ್ತೆ. ಈರುಳ್ಳಿ."

"ಆ ಮಾರ್ಕೆಟ್ಟಲ್ಲಿ ನೆಟ್ಟಗೆ ನಿಲ್ಲೋ ಮೂಟೆ ಒಂದೂ ಇಲ್ವಲ್ಲಪ್ಪ!"

ತಿಬುರ್ಸಿಯೊ ಬಟ್ಟಲಿನತ್ತ ತಲೆ ಬಗ್ಗಿಸಿದ. ತಾಯಿ ಸತ್ತಾಗ ಅವನಿಗೆ ಆರು ವರ್ಷ. ಆಮೇಲೆ ಅವನನ್ನು ಮಗನೇ ಎಂದವಳು ಇವಳೊಬ್ಬಳೇ. ಒಂದು ಸುಳ್ಳು ಹೇಳಿದ್ದಕ್ಕೆ ಒಡಹುಟ್ಟಿದ ತಮ್ಮನ ಪೆಟ್ಟಿಗೆಯನ್ನೇ ಬೀದಿಗೆಸೆದವಳು. ಇವನದು ಸಾವಿರ ಭಾನುವಾರಗಳ ಸುಳ್ಳು.

ವಾರ ಓಡಿಹೋಯಿತು. ಮುಖವಾಡದಂಗಡಿಯ ನಿಕಾಸಿಯೊ ಹೊಸ ಮುಖವಾಡ ಕೊಟ್ಟ. ಎಡಹುಬ್ಬಿನ ಜಾಗದಲ್ಲಿ ಒಳಗೆ ಮೆತ್ತನೆಯ ಹತ್ತಿ. ಹೋದ ತಿಂಗಳು ಹುಬ್ಬು ಒಡೆದು ಹೊಲಿಗೆ ಬಿದ್ದದ್ದು ಅಲ್ಲೇ. ನಿಕಾಸಿಯೊಗೆ ಅದನ್ನು ಹೇಳಿದ ನೆನಪಿರಲಿಲ್ಲ. ಹೇಳಿದ್ದಿರಬೇಕು ಅಂದುಕೊಂಡ.

"ಅಮ್ಮ ಹೊಸ ಕೊಡೆ ತಗೊಂಡಿದ್ದಾಳೆ," ಎಂದಳು ಒಫೇಲಿಯಾ, ನಗು ತಡೆದುಕೊಂಡು.

"ನನ್ನ ಪೆಟ್ಟಿಗೆ ನಾನೇ ಕಟ್ಟಿಟ್ಟಿದ್ದೀನಿ," ಎಂದ ತಿಬುರ್ಸಿಯೊ. ಅವನಿಗೆ ನಗು ಬರಲಿಲ್ಲ.

ಭಾನುವಾರ ಅಖಾಡದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ತಿಬುರ್ಸಿಯೊ ಜೀವ ತೇಯ್ದು ಕಾದಾಡಿದ, ಇಪ್ಪತ್ತೆರಡು ವರ್ಷದಲ್ಲಿ ಎಂದೂ ಬೀಳದಷ್ಟು ಚೆಂದವಾಗಿ ಬಿದ್ದ. ತೀರ್ಪುಗಾರ ಮೂರು ಎಣಿಸಿದ. ನೀಲಿಮಿಂಚು ಕೈ ಚಾಚಿದ. ತಿಬುರ್ಸಿಯೊ ದಾರ ಬಿಚ್ಚಿ, ಮುಖವಾಡ ತೆಗೆದು ಕೊಟ್ಟ.

"ತಿಬುರ್ಸಿಯೊ ಓಲ್ಮೋಸ್. ಊರು ಇದೇ. ಕುಸ್ತಿಗಿಳಿದು ಇಪ್ಪತ್ತೆರಡು ವರ್ಷ."

ತಲೆಗಳೆಲ್ಲ ಮುದುಕಿಯತ್ತ ತಿರುಗಿದವು. ಅರ್ಧ ಊರಿಗೆ ಅವನು ಯಾರ ಅಳಿಯನೆಂದು ಗೊತ್ತು. ಮೊದಲ ಸಾಲಿನಿಂದ ದೋನ್ಯಾ ಹಸಿಂತಾ ಎದ್ದಳು. ಮೆಟ್ಟಿಲು ಹತ್ತಿದಳು. ಅವನು ಮಂಡಿಯೂರಿ ತಲೆ ತಗ್ಗಿಸಿದ.

"ಅತ್ತೆ... ತಪ್ಪಾಯ್ತು."

ಕೊಡೆ ಮೇಲೇರಿತು. ಎಡಭುಜಕ್ಕೆ ರಪ್ಪೆಂದು ಬಿತ್ತು. ಜನ ಚಾವಣಿ ಹಾರುವಂತೆ ಕೂಗಿತು. ಆ ಗದ್ದಲದಲ್ಲಿ ಮುದುಕಿ ಬಗ್ಗಿ, ಅವನ ಕಿವಿಗೆ ಮಾತ್ರ ಕೇಳುವಂತೆ ಅಂದಳು:

"ಅಳಬೇಡ್ವೋ, ಜನ ನೋಡ್ತಾರೆ, ಇಪ್ಪತ್ತೆರಡು ವರ್ಷ ಈ ಕುಂಬಳಕಾಯಿ ತಲೆಗೆ ಮುಖವಾಡ ಹೊಲಿದುಕೊಟ್ಟೋಳು ನಾನು, ಈಗ ಎದ್ದು ಗಟ್ಟಿಯಾಗಿ ನನ್ನ ಬೈಯಿ ಮಗನೇ, ಮುಂದಿನ ಭಾನುವಾರಾನೂ ನಿನಗೆ ಕೆಲಸ ಬೇಕೋ ಬೇಡ್ವೋ?"