ಹರವಿಯ ಬಾಯಿಗೆ ಒತ್ತಿದ ಹೆಬ್ಬೆರಳು

ಮ್ಯೂಸಿಯಮ್ಮಿನ ಗಾಜಿನೊಳಗೆ ಹೊಳಪಿಲ್ಲದ, ಒಂದು ಕಡೆ ವಾಲಿದ ಹಳೆಯ ಜಪಾನಿ ಮಣ್ಣಿನ ಹರವಿಯೊಂದಿದೆ. ಅಲ್ಲಿನ ರೈತರು ಅದರಲ್ಲಿ ಬೀಜ ಇಡುತ್ತಿದ್ದರಂತೆ. ಅದರ ಕತ್ತಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಕಂಡು ನನಗೆ ನಮ್ಮೂರು ನಾಗಲದಿನ್ನೆಯ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ನಮ್ಮ ಮನೆಯಲ್ಲಿ ಬೀಜದ ಜೋಳಕ್ಕೆ ಬೂದಿ, ಬೇವಿನೆಲೆ ಬೆರೆಸಿ ಹರವಿ ತುಂಬಿದ ಮೇಲೆ ಅದರ ಬಾಯಿಗೆ ಮಣ್ಣು ಮೆತ್ತಿ, ಹಸಿ ಮಣ್ಣಿನ ಮೇಲೆ ಹಿರಿಯಳು ಹೆಬ್ಬೆರಳು ಒತ್ತುತ್ತಿದ್ದಳು. ಬಿತ್ತನೆಯವರೆಗೆ ಅದನ್ನು ಯಾರೂ ಒಡೆಯುವಂತಿರಲಿಲ್ಲ. ಅದು ಅಜ್ಜಿಯ ಕೆಲಸ. ಅವ್ವ ಮದುವೆಯಾಗಿ ಬಂದಾಗಿನಿಂದ ಬೂದಿ ಜರಡಿ ಹಿಡಿದಿದ್ದಳೇ ಹೊರತು ಹರವಿ ಮುಟ್ಟಿರಲಿಲ್ಲ.

ಅವತ್ತು ಅಜ್ಜಿ ಮೆತ್ತಿದ ಮಣ್ಣು ನಿಲ್ಲಲಿಲ್ಲ. ಮತ್ತೆ ಮೆತ್ತಿದಳು, ಮತ್ತೆ ಜಾರಿ ಬಿತ್ತು. ಹೊಲದಿಂದ ಬಂದ ಅವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ದಣಿದಾಗ ಅಜ್ಜಿಯ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು.

“ಇಂಕ ಚಾಲು,” ಎಂದಳು. “ಸಾಕಾತು ನನಗ. ಬಾ, ನೀನ ಮೆತ್ತು.”

ಅವ್ವ ಮೆತ್ತಿದಳು. ಮಣ್ಣು ಕಚ್ಚಿಕೊಂಡು ನಿಂತಿತು. ಆಮೇಲೆ ಅವಳು ಅಜ್ಜಿಯ ಕೈ ಹಿಡಿದು ಹರವಿಯ ಬಾಯಿಯ ಕಡೆ ತಂದಳು. ಅಜ್ಜಿ ಕೈ ಎಳೆದುಕೊಂಡಳು.

“ನಿಂದು ಒತ್ತು.”

“ಬ್ಯಾಡ್ರಿ ಅತ್ತಿ, ನೀವಿದ್ದೀರಲ್ರಿ.”

“ಇದ್ದೀನಿ ಅಂತನ ಹೇಳಾಕತ್ತೀನಿ. ಒತ್ತು.”

ಅವ್ವ ಒತ್ತಿದಳು. ಅಜ್ಜಿ ಅಲ್ಲೇ ನೆಲದ ಮೇಲೆ ಸೆರಗು ಹಾಸಿ ಮಲಗಿದವಳು ಕೂಡಲೇ ನಿದ್ದೆ ಹೋದಳು. ಸದ್ದು ಮಾಡಬೇಡವೆಂದು ನನಗೆ ಸನ್ನೆ ಮಾಡಿ, ಅವ್ವ ಹರವಿಯ ಪಕ್ಕ ಕೂತಳು. ಅಜ್ಜಿ ಕೂರುತ್ತಿದ್ದ ಹಾಗೆಯೇ, ಮೊಣಕಾಲಿಗೆ ಕೈಯೂರಿ, ಮೆಲ್ಲಗೆ.