ಆರನೆಯ ಡಬ್ಬಿ

ಕಸದ ಗುಂಡಿಯನ್ನು ಕೋಲಿನಿಂದ ಕೆದಕಿ ಕೆದಕಿ ಯಜ್ಞನಾರಾಯಣ ಭಟ್ಟರಿಗೆ ಸೊಂಟ ಹಿಡಿಯಿತು. ಈರುಳ್ಳಿ ಸಿಪ್ಪೆ ಇತ್ತು, ಚಹಾದ ಚರಟ ಇತ್ತು, ಒಣಗಿದ ಬಾಳೆಲೆ ಇತ್ತು. ಮೊಟ್ಟೆಯ ಚಿಪ್ಪು ಮಾತ್ರ ಒಂದು ಚೂರೂ ಇರಲಿಲ್ಲ. ನಾಲ್ಕು ದಿನದಿಂದ ನೋಡುತ್ತಿದ್ದರೂ ಇದೇ ಕತೆ.

ಮಣಿಪಾಲದ ಆ ಹಾಸ್ಟೆಲಿನಲ್ಲಿ ದಿನಾ ಬೆಳಿಗ್ಗೆ ನೂರೈವತ್ತು ಹುಡುಗರಿಗೆ ಆಮ್ಲೆಟ್ ಆಗುತ್ತಿತ್ತು. ಮೊಟ್ಟೆ ಒಡೆಯದೆ ಆಮ್ಲೆಟ್ ಆಗುವುದು ಹೇಗೆ? ಮೆಸ್ಸಿನ ಮ್ಯಾನೇಜರರಾದ ಭಟ್ಟರಿಗೆ ಉತ್ತರ ಗೊತ್ತಿತ್ತು. ಅದು ಉಗ್ರಾಣದ ಮೇಲಿನ ಹಲಗೆಯಲ್ಲಿತ್ತು.

ಮಳೆಗೆ ಘಾಟಿ ರಸ್ತೆ ಕುಸಿದರೆ ಮೊಟ್ಟೆಯ ಲಾರಿ ಬರುವುದಿಲ್ಲವೆಂದು ಹೋದ ವರ್ಷ, ಎಪ್ಪತ್ತೆಂಟರ ಮೇ ತಿಂಗಳಲ್ಲಿ, ಅವರೇ ಆರು ಡಬ್ಬಿ ಮೊಟ್ಟೆ ಹುಡಿ ತರಿಸಿ ಇರಿಸಿದ್ದರು. ನೀರಿನಲ್ಲಿ ಕಲಸಿ ಕಾವಲಿಗೆ ಹೊಯ್ದರೆ ಸಾಕು. ಮುಚ್ಚಳ ತೆರೆಯದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಜುಲೈಯಲ್ಲಿ ಒಂದು ದಿನ ಲಾರಿ ಬಾರದೆ ಹೋದಾಗ ಅದರಿಂದಲೇ ಸುಧಾರಿಸಿದ್ದೂ ಆಗಿತ್ತು. ಉಗ್ರಾಣದ ಬೀಗದ ಕೈ ಅಡುಗೆಯ ಶೀನನ ಸೊಂಟದಲ್ಲಿತ್ತು. ಹುಡುಗರಿಗೆ ಹುಡಿ ಕಲಸಿ ಹಾಕಿ, ಲಾರಿಯ ಮೊಟ್ಟೆಯನ್ನು ಹೊರಗೆ ಮಾರುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಆಮ್ಲೆಟಿನ ರುಚಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ಭಟ್ಟರು ಐವತ್ತೇಳು ವರ್ಷದಲ್ಲಿ ಮೊಟ್ಟೆಯನ್ನು ಬೆರಳಿನಿಂದಲೂ ಮುಟ್ಟಿದವರಲ್ಲ. ಆ ಹುಡಿಯ ಬಣ್ಣ ಯಾವುದೆಂದೂ ಅವರಿಗೆ ತಿಳಿಯದು. ಹೊಟ್ಟೆಪಾಡಿಗಾಗಿ ಈ ನೌಕರಿ. ಸಂಜೆ ಮನೆಗೆ ಹೋದವರು ಬಾವಿಕಟ್ಟೆಯಲ್ಲಿ ಎರಡು ಕೊಡ ತಣ್ಣೀರು ಸುರಿದುಕೊಂಡೇ ಒಳಗೆ ಕಾಲಿಡುತ್ತಿದ್ದರು. ಹುಡುಗರನ್ನು ಕೇಳಿದರೆ, ಚೆನ್ನಾಗುಂಟು ಎಂದರು. ಆ ಪ್ರಾಯದಲ್ಲಿ ಕಲ್ಲು ಬೇಯಿಸಿ ಹಾಕಿದರೂ ಚೆನ್ನಾಗಿಯೇ ಇರುತ್ತದೆ.

ಭಟ್ಟರಿಗೆ ಸಿಟ್ಟಿಗಿಂತ ಆಯಾಸವೇ ಹೆಚ್ಚು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಇಪ್ಪತ್ತು ವರ್ಷ ಜೊತೆಗಿದ್ದವನನ್ನು ಹಿಡಿದುಕೊಡುವ ಕೆಲಸ ಈಗಲೇ ಬರಬೇಕೇ? ಅದೂ ಶೀನನನ್ನು. ಮಟ್ಟು ಊರಿನ ಶೀನ ಪ್ರತಿ ಮಂಗಳವಾರ ತನ್ನ ಗದ್ದೆಯ ಎರಡು ಗುಳ್ಳ ಬದನೆಯನ್ನು ಬಾಳೆಲೆಯಲ್ಲಿ ಸುತ್ತಿ ಅವರ ಮೇಜಿನ ಮೇಲಿಡುತ್ತಿದ್ದ. ಈಚೆಗೆ ಭಟ್ಟರಿಗೆ ಏನು ತಿಂದರೂ ಮಣ್ಣು ತಿಂದ ಹಾಗೆ. ಹೆಂಡತಿ ಶ್ರೀಮತಿ ಮಾಡುವ ಗುಳ್ಳದ ಹುಳಿಯೊಂದೇ ಗಂಟಲಲ್ಲಿ ಇಳಿಯುತ್ತಿತ್ತು. ಈ ವರ್ಷವಂತೂ ಗುಳ್ಳ ಹೆಚ್ಚು ದಪ್ಪ, ಹೆಚ್ಚು ರುಚಿ. ಇವತ್ತೂ ಬುತ್ತಿಯಲ್ಲಿ ಅದೇ ಬಂದಿತ್ತು. ಬೆರಳು ನೆಕ್ಕಿ ಉಂಡಿದ್ದರು.

ಊಟದ ನಂತರ ಅಡುಗೆಮನೆಯ ಹಿಂದಿನಿಂದ ಕುಟ್ಟುವ ಸದ್ದು ಬಂತು. ದಿನಾ ಬರುವ ಸದ್ದೇ, ಮೆಣಸಿರಬೇಕು. ಬಿಸಿಲಿಗೆ ಹರಡಿದ ಗೋಣಿಯ ಮೇಲೆ ಬಿಳಿಯದೇನೋ ಒಣಗುತ್ತಿತ್ತು. ಭಟ್ಟರು ಅತ್ತ ಹೆಚ್ಚು ನೋಡಲಿಲ್ಲ. ಅವರ ಕಣ್ಣು ಶೀನನ ಚೀಲದ ಮೇಲಿತ್ತು. ಹಿಂದಿನ ದಿನ ಅವನು ಕಟಪಾಡಿಯ ಬಸ್ಸಿಗೆ ಓಡುವಾಗ ಚೀಲದ ಬಾಯಲ್ಲಿ ಒಂದು ಡಬ್ಬಿ ಇಣುಕಿತ್ತು. ಡಬ್ಬಿಯ ಮೇಲೆ ಮೊಟ್ಟೆಯ ಚಿತ್ರ. ಮೊಟ್ಟೆ ಸಾಲದೆಂದು ಹುಡಿಯನ್ನೂ ಸಾಗಿಸುತ್ತಿದ್ದಾನೆಯೇ?

ನಾಲ್ಕು ಗಂಟೆಗೆ ಅವನನ್ನು ಕೋಣೆಗೆ ಕರೆದರು.

“ಚೀಲದಲ್ಲಿ ಎಂತ ಉಂಟು, ಶೀನ?”

ಶೀನ ಚೀಲವನ್ನು ಹಿಂದಕ್ಕೆ ಸರಿಸಿದ. “ನೀವು ನೋಡುವಂಥದ್ದು ಎಂತ ಇಲ್ಲ, ಭಟ್ರೇ.”

ಡಬ್ಬಿಯನ್ನು ಮೇಜಿನ ಮೇಲಿಡಿಸಿ ಮುಚ್ಚಳ ತೆಗೆಸಿದರು. ಡಬ್ಬಿಯ ತುಂಬ ಬಿಳಿ ಹುಡಿ. ಭಟ್ಟರು ಕಣ್ಣು ಮುಚ್ಚಿಕೊಂಡರು. ತಮ್ಮ ಊಹೆ ಸುಳ್ಳಾಗಲಿ ಎಂದು ಒಳಗೊಳಗೇ ಹರಕೆ ಹೊತ್ತಿದ್ದರು. ಇದು ಯಾತಕ್ಕೆಂದು ಎರಡು ಸಲ ಕೇಳಿದರು. ಶೀನ ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದ.

“ಬೇಕಾದರೆ ಕೆಲಸದಿಂದ ತೆಗೆಯಿರಿ. ಅದೊಂದು ಕೇಳಬೇಡಿ. ಹೇಳಿದರೆ ಕಷ್ಟ ನಿಮಗೇ.”

ಹೆದರಿಸುತ್ತಿದ್ದಾನೆ! ಭಟ್ಟರು ಕಾಗದ ಎಳೆದುಕೊಂಡು ದೂರು ಬರೆಯತೊಡಗಿದರು. ಕಳ್ಳನೆಂದು ಹೊರಬಿದ್ದ ಅಡುಗೆಯವನನ್ನು ಐವತ್ತರ ಪ್ರಾಯದಲ್ಲಿ ಉಡುಪಿಯ ಯಾವ ಹೋಟೆಲಿನವರೂ ಒಲೆಯ ಹತ್ತಿರ ಬಿಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಶೀನನ ಹೆಸರು ಬರೆದು ಪೆನ್ನು ನಿಂತಿತು. ಡಬ್ಬಿ ಎಷ್ಟು ಖಾಲಿಯಾಗಿವೆಯೆಂದಾದರೂ ನೋಡದೆ ಬರೆಯುವುದು ನ್ಯಾಯವಲ್ಲ ಎನಿಸಿತು. ಮಂಡಿ ಹಿಡಿದುಕೊಂಡು ಎದ್ದರು.

ಉಗ್ರಾಣದಲ್ಲಿ ಹೆಗಲ ಮೇಲಿನ ಬೈರಾಸನ್ನು ಕೈಗೆ ಸುತ್ತಿಕೊಂಡು ತಾವೇ ಡಬ್ಬಿಗಳನ್ನು ಇಳಿಸಿದರು. ಐದು. ಐದರ ಮುಚ್ಚಳದ ಮೇಲೂ ಅಂಗಡಿಯ ಚೀಟಿ ಹರಿಯದೆ ಹಾಗೆಯೇ ಇತ್ತು. ಶೀನನಿಂದ ಒಂದನ್ನು ತೆರೆಸಿದರು. ಒಳಗೆ ಹಳದಿ ಹುಡಿ, ಕಡಲೆಹಿಟ್ಟಿನ ಹಾಗೆ. ಆರನೆಯದು ಜುಲೈಯಲ್ಲಿ ಮುಗಿದದ್ದು; ಆ ಖಾಲಿ ಡಬ್ಬಿಯೇ ಚೀಲದಲ್ಲಿದ್ದದ್ದು.

“ಹಾಗಾದರೆ ಆ ಬಿಳಿಯದು?”

“ಚಿಪ್ಪು, ಭಟ್ರೇ. ತೊಳೆದು ಒಣಗಿಸಿ ಕುಟ್ಟಿದ್ದು. ಹೇಗೂ ಬಿಸಾಡುವುದಲ್ವಾ?”

ಭಟ್ಟರಿಗೆ ನಾಚಿಕೆಯಾಯಿತು. ಕೋಣೆಗೆ ಬಂದು ಕಾಗದ ಹರಿದರು. ಎದೆಯ ಮೇಲಿನ ಭಾರ ಇಳಿದು, ಎಷ್ಟೋ ದಿನದ ಮೇಲೆ ಒಂದು ನಗು ಬಂತು.

“ಇಷ್ಟು ಹೇಳಲಿಕ್ಕೆ ನಿನಗೆ ಎಂತ ದಾಡಿ, ಮಾರಾಯ? ಅನ್ನವೇ ಹೋಗುತ್ತಿತ್ತಲ್ಲ. ಮನೆಗೆ ಕೊಂಡುಹೋಗಿ ಎಂತ ಮಾಡುತ್ತೀ ಇದನ್ನು?”

ಶೀನ ಮೇಜಿನ ಮೇಲೆ ತೊಳೆದು ಕವುಚಿಟ್ಟ ಭಟ್ಟರ ಬುತ್ತಿಪಾತ್ರೆಯನ್ನು ನೋಡಿದ. ಆಮೇಲೆ ಸೋತವನಂತೆ ಬಾಯಿ ತೆರೆದ.

“ಗೊಬ್ಬರ, ಭಟ್ರೇ. ನಿಮಗೆ ಮಂಗಳವಾರ ತರುವ ಗುಳ್ಳದ ಬುಡಕ್ಕೆ.”