ಹೊಸ ಕೋಟು

ಕೊಲೆಯಾದವನು ವಕೀಲ. ಪೊಲೀಸರು ಹಿಡಿದದ್ದು ವಕೀಲರಿಗೆಲ್ಲ ಕರಿಕೋಟು ಹೊಲಿಯುವ ದರ್ಜಿಯನ್ನು. ಅವನ ಪರ ಯಾರೂ ವಕಾಲತ್ತು ಹಾಕಕೂಡದೆಂದು ವಕೀಲರ ಸಂಘ ಠರಾವು ಮಾಡಿತು; ಮೊದಲ ಸಹಿ ಅಧ್ಯಕ್ಷರದು.

ದರ್ಜಿಯ ಹೆಂಡತಿ ಹೊಸ ಕೋಟು ಹಿಡಿದು ಅಧ್ಯಕ್ಷರ ಮನೆಗೆ ಬಂದಳು.

"ನಾನೇ ಹೊಲಿದು ಮುಗಿಸ್ದೆ ಸ್ವಾಮಿ. ವಕಾಲತ್ತು ಬೇಡ. ಕೊಲೆ ಆದ ಹೊತ್ನಲ್ಲಿ ನಮ್ಮೆಜಮಾನ್ರು ಇಲ್ಲೇ ನಿಮ್ಮ ಅಳತೆ ತಗೀತಿದ್ರಲ್ಲ, ಕೋರ್ಟಲ್ಲಿ ಅಷ್ಟು ಹೇಳಿದ್ರೆ ಸಾಕು."

ನಾಳೆ ಸಂಘದಲ್ಲಿ ಯಾವ ಮುಖ ಹೊತ್ತು ಕೂರಲಿ ಎಂದುಕೊಳ್ಳುತ್ತ ಅಧ್ಯಕ್ಷರು ಕೋಟು ತೊಟ್ಟರು. ಹಳೆಯ ಕೋಟು ಹೊಟ್ಟೆಯ ಬಳಿ ಬಿಗಿಯುತ್ತಿತ್ತು. ಇದರ ಗುಂಡಿಗಳು ಸಲೀಸಾಗಿ ಕೂತವು.

"ಹಳೇ ಅಳತೇಲೇ ಚೆನ್ನಾಗಿ ಹೊಲ್ದಿದೀಯಮ್ಮ," ಎಂದರು. "ನಿನ್ನ ಗಂಡ ಆವತ್ತು ಇಲ್ಲಿಗೆ ಬಂದೇ ಇರಲಿಲ್ಲ."